ಸಕ್ಕರೆ ಕಾಯಿಲೆ ಇಲ್ಲದವರ ರಕ್ತದ ಸಕ್ಕರೆ: ವಂಶವಾಹಿಗಳ ಪಾಲು

ದತ್ತಿ ಉಪನ್ಯಾಸದ ಮುದ್ರಿತ ಪಠ್ಯ, ಮರಳಿ

ಸಕ್ಕರೆ ಕಾಯಿಲೆ ಇಲ್ಲದ ಹತ್ತು ಜನರ ರಕ್ತವನ್ನು ಒಂದೇ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪರೀಕ್ಷಿಸಿದರೆ ಹತ್ತು ಬೇರೆ ಬೇರೆ ಅಂಕಿ ಬರುತ್ತವೆ. ಒಬ್ಬರಿಗೆ ಡೆಸಿಲೀಟರಿಗೆ 80 ಮಿಲಿಗ್ರಾಂ ಇದ್ದರೆ ಇನ್ನೊಬ್ಬರಿಗೆ 98 ಇರಬಹುದು. ಇಬ್ಬರೂ ಆರೋಗ್ಯವಂತರೇ. ವಯಸ್ಸು, ಮೈತೂಕ, ಊಟ, ದುಡಿಮೆ, ನಿದ್ದೆ ಇವು ಈ ವ್ಯತ್ಯಾಸಕ್ಕೆ ಕೆಲಮಟ್ಟಿಗೆ ಕಾರಣ. ಉಳಿದದ್ದರಲ್ಲಿ ದೊಡ್ಡ ಪಾಲು ತಂದೆತಾಯಿಯಿಂದ ಬಂದ ವಂಶವಾಹಿಗಳದು. ಆದರೆ ಆ ಪಾಲು ಎಲ್ಲ ಪರೀಕ್ಷೆಗಳಲ್ಲೂ ಒಂದೇ ಬಗೆಯದಲ್ಲ. ಕೆಲವು ವಂಶವಾಹಿಗಳು ರಕ್ತದ ಸಕ್ಕರೆಯನ್ನೇ ಏರಿಳಿಸುತ್ತವೆ. ಇನ್ನು ಕೆಲವು ಸಕ್ಕರೆಯನ್ನು ಮುಟ್ಟದೆ ಪರೀಕ್ಷೆಯ ಅಂಕಿಯನ್ನು ಮಾತ್ರ ಬದಲಿಸುತ್ತವೆ. ಈ ಎರಡನ್ನು ಬೇರ್ಪಡಿಸಿ ನೋಡುವುದು ವರದಿಯನ್ನು ಸರಿಯಾಗಿ ಓದಲು ಅಗತ್ಯ.

ಮೂರು ಅಳತೆಗಳು

ರಕ್ತದ ಸಕ್ಕರೆಯನ್ನು ಅಳೆಯಲು ಮುಖ್ಯವಾಗಿ ಮೂರು ಪರೀಕ್ಷೆಗಳಿವೆ. ಮೊದಲನೆಯದು ಕನಿಷ್ಠ ಎಂಟು ಗಂಟೆ ಏನೂ ತಿನ್ನದೆ ಕೊಡುವ ಖಾಲಿ ಹೊಟ್ಟೆಯ ರಕ್ತ. ಇದರಲ್ಲಿ 126 ಮಿಲಿಗ್ರಾಂ ಮತ್ತು ಅದಕ್ಕೂ ಹೆಚ್ಚು ಬಂದರೆ ಸಕ್ಕರೆ ಕಾಯಿಲೆ. ಅಮೆರಿಕದ ಮಧುಮೇಹ ಸಂಘದ ಲೆಕ್ಕದಲ್ಲಿ 100ರಿಂದ 125 ಕಾಯಿಲೆಯ ಪೂರ್ವಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅದು 110ರಿಂದ ಶುರು. ಎರಡನೆಯದು 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ತೆಗೆಯುವ ರಕ್ತ. 140ರ ಒಳಗೆ ಸಹಜ, 140ರಿಂದ 199 ನಡುವಿನ ಸ್ಥಿತಿ, 200 ಮುಟ್ಟಿದರೆ ಕಾಯಿಲೆ. ಮೂರನೆಯದು ಗ್ಲೈಕೇಟೆಡ್ ಹಿಮೋಗ್ಲೋಬಿನ್, ಅಂದರೆ ಎಚ್‌ಬಿಎ1ಸಿ. ಇದರಲ್ಲಿ ಶೇ. 5.7ರ ಒಳಗೆ ಸಹಜ, 5.7ರಿಂದ 6.4 ಪೂರ್ವಸ್ಥಿತಿ, 6.5 ಮತ್ತು ಅದಕ್ಕಿಂತ ಹೆಚ್ಚು ಕಾಯಿಲೆ. ಕಾಯಿಲೆಯನ್ನು ಗುರುತಿಸಲು ಈ ಮೂರನೆಯ ಪರೀಕ್ಷೆಯನ್ನು ಅಮೆರಿಕದ ಸಂಘ 2010ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಒಪ್ಪಿದವು.

ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಜನ ‘ಶುಗರ್ ಬಾರ್ಡರ್‌ನಾಗ ಐತಿ’ ಎನ್ನುವುದು ಈ ನಡುವಿನ ಪಟ್ಟಿಯನ್ನೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2008ರಿಂದ 2020ರವರೆಗೆ ದೇಶದಾದ್ಯಂತ 1,13,043 ಜನರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಶೇ. 11.4 ಜನರಿಗೆ ಸಕ್ಕರೆ ಕಾಯಿಲೆ ಇದ್ದರೆ, ಶೇ. 15.3 ಜನ ಈ ಪಟ್ಟಿಯಲ್ಲಿದ್ದರು. ಅಂದರೆ ದೇಶದಲ್ಲಿ ಸುಮಾರು 13.6 ಕೋಟಿ ಜನ.

ಮೂರು ಪರೀಕ್ಷೆಗಳೂ ಒಂದೇ ಸಂಗತಿಯನ್ನು ಅಳೆಯುವುದಿಲ್ಲ. ರಾತ್ರಿಯ ಉಪವಾಸದಲ್ಲಿ ರಕ್ತಕ್ಕೆ ಸಕ್ಕರೆ ಬಿಡುವುದು ಯಕೃತ್ತು. ಖಾಲಿ ಹೊಟ್ಟೆಯ ಅಂಕಿ ಬಹುಮಟ್ಟಿಗೆ ಯಕೃತ್ತು ಮತ್ತು ಮೇದೋಜೀರಕ ಗ್ರಂಥಿಗಳ ನಡುವಿನ ಹೊಂದಾಣಿಕೆಯ ಫಲ. ಎರಡು ಗಂಟೆಯ ಅಂಕಿಯಲ್ಲಿ ಕರುಳಿನ ಹಾರ್ಮೋನು, ಇನ್ಸುಲಿನ್ ಹೊರಬರುವ ವೇಗ, ಸ್ನಾಯುಗಳು ಸಕ್ಕರೆ ಹೀರುವ ಶಕ್ತಿ ಎಲ್ಲವೂ ಸೇರುತ್ತವೆ. ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುತ್ತದೆ. ಆದರೆ ಅದನ್ನು ತೋರಿಸುವುದು ಕೆಂಪು ರಕ್ತಕಣದ ಮೂಲಕ. ಹೀಗಾಗಿ ಪ್ರತಿ ಪರೀಕ್ಷೆಯ ಹಿಂದೆಯೂ ಅದರದೇ ವಂಶವಾಹಿಗಳ ಗುಂಪಿದೆ.

ಆನುವಂಶಿಕತೆಯನ್ನು ಅಳೆಯುವ ಬಗೆ

ವಂಶವಾಹಿಗಳ ಪಾಲನ್ನು ತಿಳಿಯುವ ಹಳೆಯ ದಾರಿ ಅವಳಿಗಳ ಅಧ್ಯಯನ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ವಂಶವಾಹಿಗಳು ಹೆಚ್ಚುಕಡಿಮೆ ಪೂರ್ತಿ ಸಮಾನ. ಎರಡು ಅಂಡಗಳಿಂದ ಹುಟ್ಟಿದವರಲ್ಲಿ ಸರಾಸರಿ ಅರ್ಧ ಮಾತ್ರ. ಎರಡೂ ಬಗೆಯ ಜೋಡಿಗಳು ಒಂದೇ ಮನೆಯಲ್ಲಿ ಬೆಳೆದಿರುತ್ತವೆ. ಮೊದಲ ಗುಂಪಿನ ಅಂಕಿಗಳು ಎರಡನೆಯ ಗುಂಪಿಗಿಂತ ಎಷ್ಟು ಹೆಚ್ಚು ಹೋಲುತ್ತವೆ ಎಂಬುದರಿಂದ ಆನುವಂಶಿಕತೆಯ ಪ್ರಮಾಣ ಸಿಗುತ್ತದೆ. ಬ್ರಿಟನ್ನಿನಲ್ಲಿ ಕಾಯಿಲೆ ಇಲ್ಲದ ಅವಳಿ ಮಹಿಳೆಯರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಚ್‌ಬಿಎ1ಸಿ ವ್ಯತ್ಯಾಸದ ಶೇ. 62ರಷ್ಟು ಪಾಲು ಆನುವಂಶಿಕ ಎಂದು ಕಂಡಿತು.

ಈ ಶೇಕಡಾವಾರು ಒಂದು ಸಮುದಾಯದೊಳಗಿನ ವ್ಯತ್ಯಾಸದ ಲೆಕ್ಕ, ಒಬ್ಬ ವ್ಯಕ್ತಿಯದಲ್ಲ. ಒಬ್ಬರ ಎಚ್‌ಬಿಎ1ಸಿ 5.6 ಇದ್ದರೆ ಅದರಲ್ಲಿ 62 ಪಾಲು ತಂದೆತಾಯಿಯದು, 38 ಪಾಲು ಊಟದ್ದು ಎಂದು ಹಂಚಲು ಬರುವುದಿಲ್ಲ. ಎಲ್ಲರೂ ಒಂದೇ ಊಟ ಉಣ್ಣುವ ಊರಲ್ಲಿ ಆನುವಂಶಿಕತೆಯ ಪಾಲು ಹೆಚ್ಚಾಗಿ ಕಾಣುತ್ತದೆ. ಊಟ ಮತ್ತು ದುಡಿಮೆ ಮನೆಯಿಂದ ಮನೆಗೆ ತೀರಾ ಬೇರೆ ಇರುವ ಊರಲ್ಲಿ ಕಡಿಮೆಯಾಗಿ ಕಾಣುತ್ತದೆ.

ಖಾಲಿ ಹೊಟ್ಟೆಯ ಸಕ್ಕರೆ

ಇಲ್ಲಿ ಮೊದಲು ಹೇಳಬೇಕಾದ ವಂಶವಾಹಿ ಜಿಸಿಕೆ. ಇದು ಗ್ಲೂಕೋಕೈನೇಸ್ ಎಂಬ ಕಿಣ್ವವನ್ನು ತಯಾರಿಸುವ ವಂಶವಾಹಿ. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ ಈ ಕಿಣ್ವವೇ ಸಕ್ಕರೆಯ ಮಟ್ಟವನ್ನು ಅರಿಯುತ್ತದೆ. ಸಕ್ಕರೆ ಒಂದು ಮಟ್ಟ ದಾಟಿದಾಗ ಇನ್ಸುಲಿನ್ ಹರಿಯುವುದು ಇದರಿಂದ. ಕೆರೆಯ ಕೋಡಿ ಇದ್ದ ಹಾಗೆ: ಕೋಡಿಯ ಎತ್ತರ ಒಂದು ಮೊಳ ಹೆಚ್ಚಿದ್ದರೆ ನೀರೂ ಅಷ್ಟೇ ಮೇಲೆ ನಿಲ್ಲುತ್ತದೆ, ಕೆರೆಗೆ ಧಕ್ಕೆಯೇನೂ ಆಗಿರುವುದಿಲ್ಲ. ಜಿಸಿಕೆಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೆ ಆಗುವುದೂ ಇದೇ. ಹುಟ್ಟಿನಿಂದಲೇ ಖಾಲಿ ಹೊಟ್ಟೆಯ ಸಕ್ಕರೆ ಸುಮಾರು 99ರಿಂದ 144ರ ನಡುವೆ, ಎಚ್‌ಬಿಎ1ಸಿ 5.6ರಿಂದ 7.6ರ ನಡುವೆ ನಿಂತಿರುತ್ತದೆ. ವರ್ಷಗಳು ಕಳೆದರೂ ಹೆಚ್ಚೇನೂ ಏರುವುದಿಲ್ಲ. 1992ರಲ್ಲಿ ಗುರುತಿಸಲಾದ ಈ ಸ್ಥಿತಿ ಬ್ರಿಟನ್ನಿನ ಅಂದಾಜಿನಂತೆ ಸಾವಿರಕ್ಕೆ ಸುಮಾರು ಒಬ್ಬರಲ್ಲಿದೆ. ಕಣ್ಣು, ಮೂತ್ರಪಿಂಡಗಳಿಗೆ ಸಕ್ಕರೆ ಕಾಯಿಲೆಯಿಂದ ಆಗುವ ಗಂಭೀರ ಹಾನಿ ಇವರಲ್ಲಿ ಅಪರೂಪ. ಗರ್ಭಧಾರಣೆಯ ಸಮಯ ಬಿಟ್ಟರೆ ಔಷಧ ಬೇಕಾಗುವುದಿಲ್ಲ. ಆದರೂ ಪರೀಕ್ಷೆಯ ಅಂಕಿಯನ್ನಷ್ಟೇ ನೋಡಿ ಇವರಿಗೆ ಮಾತ್ರೆ ಶುರುವಾಗುವುದುಂಟು.

ಇದು ವಿರಳ ಬದಲಾವಣೆ. ಬಹುಜನರಲ್ಲಿರುವ ಸಾಮಾನ್ಯ ಬದಲಾವಣೆಗಳ ಪರಿಣಾಮ ಇದಕ್ಕಿಂತ ತೀರಾ ಸಣ್ಣದು. ಯಕೃತ್ತು ಮತ್ತು ಬೀಟಾ ಕೋಶಗಳಲ್ಲಿ ಗ್ಲೂಕೋಕೈನೇಸನ್ನು ಪ್ರಭಾವಿಸುವ ತಾಣಗಳು (ವರ್ಣತಂತುವಿನ ಮೇಲಿನ ನಿರ್ದಿಷ್ಟ ಜಾಗಗಳು), ಬೀಟಾ ಕೋಶದೊಳಗೆ ಗ್ಲೂಕೋಕೈನೇಸಿನ ಕೆಲಸವನ್ನು ಹಿಂದಕ್ಕೆ ತಿರುಗಿಸುವ ಜಿ6ಪಿಸಿ2, ರಾತ್ರಿಯ ಹಾರ್ಮೋನಾದ ಮೆಲಟೋನಿನ್‌ನ ಗ್ರಾಹಕವನ್ನು ತಯಾರಿಸುವ ಎಂಟಿಎನ್‌ಆರ್1ಬಿ ಇವು ಹೆಚ್ಚು ಪರಿಚಿತ. 2009ರಲ್ಲಿ ವರದಿಯಾದ ಎಂಟಿಎನ್‌ಆರ್1ಬಿ ಬದಲಾವಣೆಯ ಒಂದು ಪ್ರತಿ ಖಾಲಿ ಹೊಟ್ಟೆಯ ಸಕ್ಕರೆಯನ್ನು ಏರಿಸುವುದು ಡೆಸಿಲೀಟರಿಗೆ ಸುಮಾರು 1.3 ಮಿಲಿಗ್ರಾಂ ಅಷ್ಟೆ.

ಸಣ್ಣ ಪರಿಣಾಮಗಳನ್ನು ಹಿಡಿಯಬೇಕಾದರೆ ದೊಡ್ಡ ಗುಂಪು ಬೇಕು. ಇದಕ್ಕಾಗಿ ಹಲವು ದೇಶಗಳ ಸಂಶೋಧಕರು ಮ್ಯಾಜಿಕ್ ಎಂಬ ಒಕ್ಕೂಟ ಕಟ್ಟಿ, ಸಕ್ಕರೆ ಕಾಯಿಲೆ ಇಲ್ಲದವರ ಮಾಹಿತಿಯನ್ನೇ ಒಟ್ಟುಗೂಡಿಸಿದರು. ಕಾಯಿಲೆ ಇರುವವರನ್ನು ಹೊರಗಿಡಲು ಕಾರಣವಿದೆ: ಕಾಯಿಲೆಯೂ ಅದಕ್ಕೆ ತೆಗೆದುಕೊಳ್ಳುವ ಮಾತ್ರೆಯೂ ಅಂಕಿಯನ್ನು ಬದಲಿಸಿಬಿಡುತ್ತವೆ, ಆಗ ವಂಶವಾಹಿಯ ಸಹಜ ಪರಿಣಾಮ ಕಾಣುವುದಿಲ್ಲ. 2010ರಲ್ಲಿ ಈ ಒಕ್ಕೂಟ ಖಾಲಿ ಹೊಟ್ಟೆಯ ಸಕ್ಕರೆಗೆ ಸಂಬಂಧಿಸಿದ 16 ತಾಣಗಳನ್ನು ಪಟ್ಟಿ ಮಾಡಿತು. ಸಕ್ಕರೆ ಏರಿಸುವ ಪ್ರತಿಗಳು ಅತಿ ಹೆಚ್ಚು ಇರುವವರಿಗೂ ಅತಿ ಕಡಿಮೆ ಇರುವವರಿಗೂ ಇದ್ದ ಸರಾಸರಿ ಅಂತರ ಸುಮಾರು 7 ಮಿಲಿಗ್ರಾಂ. 2021ರ ಹೊತ್ತಿಗೆ ಗುಂಪು 2,81,416 ಜನರಿಗೆ ಬೆಳೆಯಿತು. ಸಕ್ಕರೆ ಮತ್ತು ಇನ್ಸುಲಿನ್ ಅಳತೆಗಳಿಗೆ ಸೇರಿದ 242 ತಾಣಗಳು ಸಿಕ್ಕವು.

ಈ ಪಟ್ಟಿಗಳಿಂದ ಹೊರಟ ಮುಖ್ಯ ತಿಳಿವಳಿಕೆ ಒಂದಿದೆ. ಸಕ್ಕರೆಯನ್ನು ಏರಿಸುವ ವಂಶವಾಹಿಗಳೆಲ್ಲ ಕಾಯಿಲೆಯ ಅಪಾಯವನ್ನು ಏರಿಸುವುದಿಲ್ಲ. ಎಂಟಿಎನ್‌ಆರ್1ಬಿ ಎರಡನ್ನೂ ಏರಿಸುತ್ತದೆ. ಜಿ6ಪಿಸಿ2 ಖಾಲಿ ಹೊಟ್ಟೆಯ ಸಕ್ಕರೆಯನ್ನು ಹೆಚ್ಚುಕಡಿಮೆ ಅಷ್ಟೇ ಏರಿಸಿದರೂ ಟೈಪ್ 2 ಕಾಯಿಲೆಯ ಅಪಾಯವನ್ನು ಹೆಚ್ಚಿಸುವುದಿಲ್ಲ. ಜಿ6ಪಿಸಿ2 ಸಕ್ಕರೆ ನಿಲ್ಲುವ ಮಟ್ಟವನ್ನಷ್ಟೇ ಸರಿಸುತ್ತದೆ. ಎಂಟಿಎನ್‌ಆರ್1ಬಿ ಇನ್ಸುಲಿನ್ ಬಿಡುವ ಶಕ್ತಿಯನ್ನೇ ಕುಂದಿಸುತ್ತದೆ. 104 ಎಂಬ ಒಂದೇ ಅಂಕಿಯ ಹಿಂದೆ ಇಬ್ಬರಲ್ಲಿ ಎರಡು ಬೇರೆ ಕಾರಣಗಳಿರಬಹುದು. ಅವರ ಮುಂದಿನ ಇಪ್ಪತ್ತು ವರ್ಷಗಳೂ ಬೇರೆ ಬೇರೆ ಆಗಬಹುದು.

ಗ್ಲೂಕೋಸ್ ಕುಡಿದ ಎರಡು ಗಂಟೆಯ ನಂತರ

ಆಹಾರ ಕರುಳಿಗೆ ಇಳಿದಾಗ ಜಿಐಪಿ ಎಂಬ ಹಾರ್ಮೋನು ಹೊರಟು, ಇನ್ಸುಲಿನ್ ಬಿಡುವಂತೆ ಬೀಟಾ ಕೋಶಗಳನ್ನು ಪ್ರಚೋದಿಸುತ್ತದೆ. ಇದರ ಗ್ರಾಹಕದ ವಂಶವಾಹಿಯಲ್ಲಿನ ಬದಲಾವಣೆ ಎರಡು ಗಂಟೆಯ ಸಕ್ಕರೆಯನ್ನು ಪ್ರಭಾವಿಸುತ್ತದೆ ಎಂದು 2010ರಲ್ಲಿ ಗೊತ್ತಾಯಿತು. ಇದೇ ಸಾಲಿನ ಇನ್ನೊಂದು ವಂಶವಾಹಿ ಟಿಸಿಎಫ್7ಎಲ್2. ಇದನ್ನು 2006ರಲ್ಲಿ ಐಸ್‌ಲೆಂಡಿನ ಸಂಶೋಧಕರು ಟೈಪ್ 2 ಕಾಯಿಲೆಗೆ ಜೋಡಿಸಿದರು. ಮರುವರ್ಷವೇ ಪುಣೆ ಮತ್ತು ಹೈದರಾಬಾದಿನ ಸಂಶೋಧಕರು ಭಾರತೀಯರಲ್ಲೂ ಅದನ್ನು ಖಚಿತಪಡಿಸಿದರು. ಸಾಮಾನ್ಯ ಬದಲಾವಣೆಗಳಲ್ಲಿ ಕಾಯಿಲೆಯ ಅಪಾಯವನ್ನು ಹೆಚ್ಚು ಏರಿಸುವವುಗಳಲ್ಲಿ ಇದೂ ಒಂದು.

ಗ್ಲೂಕೋಕೈನೇಸನ್ನು ಯಕೃತ್ತಿನಲ್ಲಿ ಹತೋಟಿಯಲ್ಲಿಡುವ ಜಿಸಿಕೆಆರ್ ಇನ್ನೊಂದು ಸೋಜಿಗ. ಇದರ ಒಂದು ರೂಪ ಖಾಲಿ ಹೊಟ್ಟೆಯ ಸಕ್ಕರೆಯನ್ನು ತಗ್ಗಿಸುತ್ತದೆ. ಅದೇ ರೂಪ ಎರಡು ಗಂಟೆಯ ಸಕ್ಕರೆಯನ್ನೂ ರಕ್ತದ ಟ್ರೈಗ್ಲಿಸರೈಡ್ ಕೊಬ್ಬನ್ನೂ ಏರಿಸುತ್ತದೆ. ಒಂದು ಪರೀಕ್ಷೆಯಲ್ಲಿ ಒಳ್ಳೆಯದೆಂದು ಕಾಣುವ ವಂಶವಾಹಿ ಇನ್ನೊಂದರಲ್ಲಿ ಹಾಗೆ ಕಾಣದೆ ಇರಬಹುದು.

ಎಚ್‌ಬಿಎ1ಸಿ ಮತ್ತು ಕೆಂಪು ರಕ್ತಕಣ

ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟೂ ದಿನ ರಕ್ತದ ಸಕ್ಕರೆ ಕಣದೊಳಗಿನ ಹಿಮೋಗ್ಲೋಬಿನ್ನಿಗೆ ಮೆಲ್ಲಗೆ ಅಂಟುತ್ತಾ ಹೋಗುತ್ತದೆ. ಸಕ್ಕರೆ ಹೆಚ್ಚಿದ್ದರೆ ಹೆಚ್ಚು ಅಂಟುತ್ತದೆ. ಕಣ ಹೆಚ್ಚು ದಿನ ಬದುಕಿದರೂ ಹೆಚ್ಚು ಅಂಟುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಹಿಮೋಗ್ಲೋಬಿನ್ ಹೆಚ್ಚಿರುವುದನ್ನು 1960ರ ದಶಕದ ಕೊನೆಯಲ್ಲಿ ಇರಾನಿನ ವಿಜ್ಞಾನಿ ಸ್ಯಾಮುಯೆಲ್ ರಹಬರ್ ತೋರಿಸಿದರು. ಕಣದ ಆಯಸ್ಸನ್ನು ಕುಗ್ಗಿಸುವ ಯಾವುದೇ ವಂಶವಾಹಿ ಅಂಕಿಯನ್ನು ತಗ್ಗಿಸುತ್ತದೆ, ರಕ್ತದ ಸಕ್ಕರೆ ಇದ್ದಷ್ಟೇ ಇದ್ದರೂ.

ಸಂಶೋಧನೆಯೂ ಇದನ್ನೇ ಹೇಳಿತು. 2008ರಲ್ಲಿ ಮೊದಲು ಕಂಡ ಎಚ್‌ಕೆ1 ಎಂಬ ವಂಶವಾಹಿ ಕೆಂಪುಕಣದ ಶಕ್ತಿ ಉತ್ಪಾದನೆಗೆ ಸೇರಿದ ಕಿಣ್ವದ್ದು. 2010ರಲ್ಲಿ ಕಾಯಿಲೆ ಇಲ್ಲದ 46,368 ಜನರಲ್ಲಿ ಹತ್ತು ತಾಣಗಳು ಸಿಕ್ಕವು. ಅವುಗಳಲ್ಲಿ ಜಿಸಿಕೆ, ಜಿ6ಪಿಸಿ2, ಎಂಟಿಎನ್‌ಆರ್1ಬಿ ಸಕ್ಕರೆಯ ದಾರಿಯವು. ಉಳಿದವುಗಳಲ್ಲಿ ಹೆಚ್ಚಿನವು ಕೆಂಪುಕಣದ ಪೊರೆ ಅಥವಾ ಕಬ್ಬಿಣದ ಬಳಕೆಗೆ ಸಂಬಂಧಿಸಿದವು. 2017ರಲ್ಲಿ 1,59,940 ಜನರ ಅಧ್ಯಯನ ಈ ಸಂಖ್ಯೆಯನ್ನು 60ಕ್ಕೆ ಏರಿಸಿತು. 19 ತಾಣಗಳು ಸಕ್ಕರೆಯವು, 22 ಕೆಂಪುಕಣದವು ಎಂದು ವಿಂಗಡಿಸಲಾಯಿತು. ಸಕ್ಕರೆಯ ದಾರಿಯ ತಾಣಗಳು ಮುಂದೆ ಬರುವ ಕಾಯಿಲೆಯನ್ನು ಸೂಚಿಸಿದವು, ಕೆಂಪುಕಣದವು ಸೂಚಿಸಲಿಲ್ಲ.

ಅದೇ ಅಧ್ಯಯನದಲ್ಲಿ ಎದ್ದು ಕಂಡದ್ದು ಜಿ6ಪಿಡಿ. ಎಕ್ಸ್ ವರ್ಣತಂತುವಿನಲ್ಲಿರುವ ಈ ವಂಶವಾಹಿಯ ಆಫ್ರಿಕನ್ ಮೂಲದ ಒಂದು ಬದಲಾವಣೆ ಗಂಡಸರಲ್ಲಿ ಎಚ್‌ಬಿಎ1ಸಿಯನ್ನು ಸುಮಾರು 0.8ರಷ್ಟು ತಗ್ಗಿಸುತ್ತದೆ. ನಿಜಕ್ಕೂ 6.8 ಇರಬೇಕಾದ ಅಂಕಿ 6.0 ಎಂದು ಬಂದು ಕಾಯಿಲೆ ಮರೆಯಾಗಬಹುದು. ಭಾರತದಲ್ಲಿ ಆ ಬದಲಾವಣೆ ಸಾಮಾನ್ಯವಲ್ಲ. ಇಲ್ಲಿ ಮೆಡಿಟರೇನಿಯನ್, ಕೇರಳ-ಕಲ್ಯಾಣ್, ಒರಿಸ್ಸಾ ಎಂಬ ಹೆಸರಿನ ಬೇರೆ ರೂಪಗಳಿವೆ. ಬುಡಕಟ್ಟು ಸಮುದಾಯಗಳಲ್ಲಿ ಜಿ6ಪಿಡಿ ಕಿಣ್ವದ ಕೊರತೆ ಹೆಚ್ಚು. ಮಲೇರಿಯಾಕ್ಕೆ ಪ್ರೈಮಾಕ್ವಿನ್ ಮಾತ್ರೆ ತೆಗೆದುಕೊಂಡಾಗ ಕೊರತೆ ಇರುವವರ ರಕ್ತಕಣಗಳು ಒಡೆಯುವ ಅಪಾಯವೂ ಇದೆ.

ಹಿಮೋಗ್ಲೋಬಿನ್ನಿನ ರಚನೆಯೇ ಬದಲಾಗಿರುವವರದು ಇನ್ನೊಂದು ವರ್ಗ. ಕುಡುಗೋಲು ಕಣದ ವಂಶವಾಹಿಯ ಒಂದೇ ಪ್ರತಿ ಇರುವವರಿಗೆ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ. ಆದರೆ ಅಮೆರಿಕದಲ್ಲಿ ಆಫ್ರಿಕನ್ ಮೂಲದವರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತದ ಸಕ್ಕರೆ ಸಮನಾಗಿದ್ದರೂ ಇವರ ಎಚ್‌ಬಿಎ1ಸಿ ಸುಮಾರು 0.3ರಷ್ಟು ಕಡಿಮೆ ಬಂತು. ಕರ್ನಾಟಕದಲ್ಲಿ ಕುಡುಗೋಲು ಕಣ ರೋಗ ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಬುಡಕಟ್ಟುಗಳಲ್ಲಿ ಕಾಣುತ್ತದೆ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ನಿರ್ಮೂಲನಾ ಅಭಿಯಾನದಲ್ಲಿ ರಾಜ್ಯವೂ ಸೇರಿದೆ. ಬೀಟಾ ಥಲಸ್ಸೀಮಿಯಾದ ವಾಹಕರು ದೇಶದ ಜನಸಂಖ್ಯೆಯ ಶೇ. 3ರಿಂದ 4ರಷ್ಟಿದ್ದಾರೆ. ಇವರಲ್ಲೂ ಎಚ್‌ಬಿಎ1ಸಿ ಪೂರ್ತಿ ನಂಬಿಕೆಗೆ ಅರ್ಹವಲ್ಲ.

ಕಬ್ಬಿಣದ ಕೊರತೆ ಇದಕ್ಕೆ ತದ್ವಿರುದ್ಧ. ಆಗ ಹೊಸ ಕಣಗಳ ಉತ್ಪತ್ತಿ ತಗ್ಗಿ, ರಕ್ತದಲ್ಲಿ ಹಳೆಯ ಕಣಗಳ ಪಾಲು ಹೆಚ್ಚಾಗಿ ಅಂಕಿ ಏರಬಹುದು. ಟಿಎಂಪಿಆರ್‌ಎಸ್‌ಎಸ್6, ಎಚ್‌ಎಫ್‌ಇ ಎಂಬ ವಂಶವಾಹಿಗಳು ದೇಹದ ಕಬ್ಬಿಣವನ್ನು ಏರಿಳಿಸಿ ಎಚ್‌ಬಿಎ1ಸಿಯನ್ನು ಅಲ್ಪ ಪ್ರಮಾಣದಲ್ಲಿ ಬದಲಿಸುತ್ತವೆ. ಕರ್ನಾಟಕದಲ್ಲಿ ಇವುಗಳಿಗಿಂತ ದೊಡ್ಡ ಕಾರಣ ಊಟದಲ್ಲಿ ಕಬ್ಬಿಣ ಸಾಲದಿರುವುದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇತ್ತು. ರಕ್ತಹೀನತೆ ಇರುವ ಹೆಣ್ಣುಮಗಳ 5.9 ಎಂಬ ಅಂಕಿಯನ್ನು ರಕ್ತ ಸರಿಯಿರುವವರ 5.9ರಂತೆ ಓದಲಾಗದು.

ಗರ್ಭದ ಪಾಲು: ಮೈಸೂರಿನ ಅಧ್ಯಯನ

ಮಕ್ಕಳು ತಾಯಿಯನ್ನು ಹೋಲುವುದೆಲ್ಲ ವಂಶವಾಹಿಯಿಂದಲೇ ಅಲ್ಲ. ಇದನ್ನು ತೋರಿಸಿದ ಮುಖ್ಯ ಅಧ್ಯಯನಗಳಲ್ಲಿ ಒಂದು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯದು. 1934ರಿಂದಲೇ ಹೆರಿಗೆಯ ದಾಖಲೆಗಳನ್ನು, ಮಗುವಿನ ತೂಕ ಉದ್ದಗಳ ಸಮೇತ, ಜೋಪಾನ ಮಾಡಿದ ಆಸ್ಪತ್ರೆ ಅದು. ಅಲ್ಲಿ ಹುಟ್ಟಿ ದೊಡ್ಡವರಾದ 506 ಜನರನ್ನು ಪರೀಕ್ಷಿಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಉದ್ದ ಕಡಿಮೆಯಿದ್ದು ಮೈ ದುಂಡಗಿದ್ದವರಲ್ಲೂ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲೂ ಸಕ್ಕರೆ ಕಾಯಿಲೆ ಹೆಚ್ಚಿತ್ತು.

ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಪಾರ್ಥೆನನ್ ಎಂಬ ಹೆಸರಿನ ಅಧ್ಯಯನ ಶುರುವಾಯಿತು. ಗರ್ಭಿಣಿಯರಿಗೆ ಗ್ಲೂಕೋಸ್ ಪರೀಕ್ಷೆ ಮಾಡಿದಾಗ ಶೇ. 6.2 ಮಂದಿಗೆ ಗರ್ಭಾವಧಿಯ ಮಧುಮೇಹ ಕಂಡಿತು. ಅವರ ಮಕ್ಕಳನ್ನು ಐದನೆಯ ವರ್ಷದಲ್ಲಿ ನೋಡಿದಾಗ, ಹೆಣ್ಣುಮಕ್ಕಳಲ್ಲಿ ಚರ್ಮದಡಿಯ ಕೊಬ್ಬೂ ಗ್ಲೂಕೋಸ್ ಕುಡಿದ ನಂತರದ ಇನ್ಸುಲಿನ್ನೂ ಇತರ ಮಕ್ಕಳಿಗಿಂತ ಹೆಚ್ಚಿದ್ದವು. ತಂದೆಗೆ ಮಾತ್ರ ಸಕ್ಕರೆ ಕಾಯಿಲೆ ಇದ್ದ ಮಕ್ಕಳು ಹುಟ್ಟುವಾಗ ತೂಕ ಕಡಿಮೆಯಿದ್ದರು. ಐದನೆಯ ವರ್ಷದಲ್ಲಿ ಅವರ ಮೈ ಅಳತೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ತಂದೆಯೂ ತಾಯಿಯೂ ವಂಶವಾಹಿಗಳನ್ನು ಸಮಸಮವಾಗಿ ಕೊಡುತ್ತಾರೆ. ಗರ್ಭದಲ್ಲಿ ಹೊರುವವಳು ತಾಯಿ ಮಾತ್ರ. ಆದ್ದರಿಂದ ಈ ಅಂತರದ ಒಂದು ಪಾಲು ಗರ್ಭದಲ್ಲಿ ಮಗುವಿಗೆ ಸಿಕ್ಕ ಹೆಚ್ಚಿನ ಸಕ್ಕರೆಯದು ಎಂದು ತಿಳಿಯಬೇಕಾಗುತ್ತದೆ. ಗರ್ಭಿಣಿಯ ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಈ ಪಾಲನ್ನು ತಗ್ಗಿಸುವ ಅವಕಾಶವಿದೆ. ವಂಶವಾಹಿಯ ಪಾಲಿಗೆ ಆ ಅವಕಾಶವಿಲ್ಲ.

ಸೋದರ ಸಂಬಂಧದ ಮದುವೆ

ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ರೂಢಿ ಕರ್ನಾಟಕದಲ್ಲಿ ಹಳೆಯದು. 1980ರ ದಶಕದಲ್ಲಿ ರಾಜ್ಯದ ನವಜಾತ ಶಿಶುಗಳ ತಪಾಸಣೆಯ ಜೊತೆಗೆ ಸಂಗ್ರಹವಾದ ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳ ಮಾಹಿತಿಯಲ್ಲಿ ಸುಮಾರು ಮೂರನೇ ಒಂದು ಭಾಗ ರಕ್ತಸಂಬಂಧದ ಮದುವೆಗಳಾಗಿದ್ದವು. ಸೋದರಮಾವನನ್ನು ಮದುವೆಯಾದವಳ ಮಗುವಿಗೆ ಒಂದು ವಂಶವಾಹಿಯ ಎರಡೂ ಪ್ರತಿಗಳು ಒಬ್ಬನೇ ಪೂರ್ವಿಕನಿಂದ ಬರುವ ಸಾಧ್ಯತೆ ಎಂಟರಲ್ಲಿ ಒಂದು; ಅತ್ತೆಯ ಅಥವಾ ಮಾವನ ಮಕ್ಕಳನ್ನು ಮದುವೆಯಾದರೆ ಹದಿನಾರರಲ್ಲಿ ಒಂದು.

ಸಕ್ಕರೆಯ ಸಾಮಾನ್ಯ ವಂಶವಾಹಿಗಳ ಮಟ್ಟಿಗೆ ಇದರಿಂದ ದೊಡ್ಡ ವ್ಯತ್ಯಾಸವಿಲ್ಲ. ಅವುಗಳ ಪರಿಣಾಮ ಪ್ರತಿಗೊಂದರಂತೆ ಕೂಡುತ್ತಾ ಹೋಗುತ್ತದೆ; ಒಂದು ಮಗುವಿನಲ್ಲಿ ಎರಡು ಪ್ರತಿ ಸೇರಿದರೆ ಇನ್ನೊಂದರಲ್ಲಿ ಒಂದೂ ಇರುವುದಿಲ್ಲ, ಸರಾಸರಿ ಹಾಗೆಯೇ ಉಳಿಯುತ್ತದೆ. ತೊಂದರೆ ಇರುವುದು ವಿರಳ ಬದಲಾವಣೆಗಳಲ್ಲಿ. ಜಿಸಿಕೆಯ ಒಂದೇ ಪ್ರತಿ ಕೆಟ್ಟಿದ್ದರೆ ಅಂಕಿ ಅಷ್ಟಿಷ್ಟು ಏರಿರುತ್ತದೆ. ಎರಡೂ ಕೆಟ್ಟಿದ್ದರೆ ಮಗುವಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ಇನ್ಸುಲಿನ್ ಬೇಕಾಗುವ ಮಧುಮೇಹ ಬರುತ್ತದೆ. ಅಂಥ ಮಗುವಿನ ತಂದೆತಾಯಿ ಇಬ್ಬರಿಗೂ ‘ಬಾರ್ಡರ್’ ಸಕ್ಕರೆ ಇರುವುದುಂಟು. ಥಲಸ್ಸೀಮಿಯಾ, ಕುಡುಗೋಲು ಕಣ ರೋಗಗಳಲ್ಲೂ ಇದೇ ಲೆಕ್ಕ: ವಾಹಕರಿಬ್ಬರ ಮಕ್ಕಳಲ್ಲಿ ಪ್ರತಿ ಬಾರಿಯೂ ನಾಲ್ಕರಲ್ಲಿ ಒಂದು ಪಾಲು ಅಪಾಯ.

ಭಾರತೀಯ ಮಾಹಿತಿಯ ಕೊರತೆ

ಮೇಲೆ ಹೇಳಿದ ತಾಣಗಳಲ್ಲಿ ಹೆಚ್ಚಿನವು ಯುರೋಪಿಯನ್ ಮೂಲದವರ ರಕ್ತದಿಂದ ತಿಳಿದವು. 2021ರ ದೊಡ್ಡ ಅಧ್ಯಯನದಲ್ಲೂ ಇತರ ಮೂಲದವರು ಶೇ. 30 ಮಾತ್ರ. ಒಂದು ವಂಶವಾಹಿಯ ಯಾವ ರೂಪ ಎಷ್ಟು ಜನರಲ್ಲಿದೆ ಎಂಬುದು ಜನಾಂಗದಿಂದ ಜನಾಂಗಕ್ಕೆ ಬದಲಾಗುವುದರಿಂದ, ಅಲ್ಲಿನ ಪಟ್ಟಿಯನ್ನು ಕೂಡಿಸಿ ತಯಾರಿಸಿದ ಅಪಾಯದ ಅಂಕ ಭಾರತೀಯರಿಗೆ ಅಷ್ಟೇ ನಿಖರವಾಗಿ ಹೊಂದುವುದಿಲ್ಲ. ಭಾರತದಲ್ಲಿ ಒಳಬಾಂಧವ್ಯದ ಸಾವಿರಾರು ಸಮುದಾಯಗಳಿರುವುದರಿಂದ ಒಂದು ಸಮುದಾಯದ ಫಲಿತಾಂಶ ನೆರೆಯ ಸಮುದಾಯಕ್ಕೂ ಹೊಂದದೆ ಇರಬಹುದು.

ಈ ಕೊರತೆಯನ್ನು ತುಂಬುವ ಕೆಲಸದಲ್ಲಿ ಬೆಂಗಳೂರಿಗೆ ಮುಖ್ಯ ಪಾತ್ರವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳ್ತನದಲ್ಲಿ 20 ಸಂಸ್ಥೆಗಳು ಸೇರಿ ಜಿನೋಮ್‌ಇಂಡಿಯಾ ಯೋಜನೆಯಲ್ಲಿ ಹತ್ತು ಸಾವಿರ ಭಾರತೀಯರ ಪೂರ್ಣ ಜಿನೋಮನ್ನು ಓದಿದವು. 2025ರ ಜನವರಿಯಲ್ಲಿ ಈ ಮಾಹಿತಿ ಸಂಶೋಧಕರಿಗೆ ತೆರೆಯಿತು. ಅದೇ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ಆರೋಗ್ಯವನ್ನು ರಕ್ತಪರೀಕ್ಷೆ ಮತ್ತು ವಂಶವಾಹಿ ಮಾಹಿತಿಯೊಂದಿಗೆ ವರ್ಷಗಟ್ಟಲೆ ಅನುಸರಿಸುತ್ತಿದೆ.

ವರದಿಯನ್ನು ಓದುವಾಗ

ಸದ್ಯಕ್ಕೆ ಕಾಯಿಲೆ ಇಲ್ಲದವರು ಸಕ್ಕರೆಯ ವಂಶವಾಹಿ ಪರೀಕ್ಷೆ ಮಾಡಿಸಿಕೊಳ್ಳಬೇಕಾದ ಸಂದರ್ಭಗಳು ಕಡಿಮೆ. ಚಿಕ್ಕ ವಯಸ್ಸಿನಲ್ಲೇ ಅಲ್ಪ ಏರಿದ ಸಕ್ಕರೆ ವರ್ಷಗಟ್ಟಲೆ ಅಲ್ಲೇ ನಿಂತಿದ್ದು, ತಂದೆ ಅಥವಾ ತಾಯಿಯಲ್ಲೂ ಹಾಗೆಯೇ ಇದ್ದರೆ ಜಿಸಿಕೆ ಪರೀಕ್ಷೆಗೆ ಅರ್ಥವಿದೆ. ಉಳಿದವರಿಗೆ ಮನೆಯಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಕಾಯಿಲೆ ಬಂತು ಎಂಬ ಮಾಹಿತಿಯೇ ಹೆಚ್ಚು ಉಪಯುಕ್ತ.

ಖಾಲಿ ಹೊಟ್ಟೆಯ ಅಂಕಿ ಮತ್ತು ಎಚ್‌ಬಿಎ1ಸಿ ಒಂದಕ್ಕೊಂದು ಹೊಂದದಿದ್ದರೆ ಮೊದಲು ನೋಡಬೇಕಾದ್ದು ಹಿಮೋಗ್ಲೋಬಿನ್ ಪ್ರಮಾಣ ಮತ್ತು ಕೆಂಪುಕಣದ ಗಾತ್ರ. ಎರಡೂ ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಸಿಗುತ್ತವೆ. ಕುಡುಗೋಲು ಕಣ ರೋಗ, ಜಿ6ಪಿಡಿ ಕೊರತೆ, ಇತ್ತೀಚೆಗೆ ರಕ್ತ ಕೊಡಿಸಿಕೊಂಡಿರುವುದು, ಗರ್ಭಾವಧಿಯ ನಾಲ್ಕನೆಯ ತಿಂಗಳಿನಿಂದ ಮುಂದಿನ ಕಾಲ ಇವುಗಳಲ್ಲಿ ಕಾಯಿಲೆಯನ್ನು ತೀರ್ಮಾನಿಸಲು ರಕ್ತದ ಸಕ್ಕರೆಯ ನೇರ ಪರೀಕ್ಷೆಯನ್ನೇ ಬಳಸಬೇಕೆಂಬುದು ಒಪ್ಪಿತ ನಿಯಮ.

ವಂಶವಾಹಿಯ ಅಂತರ ಕೆಲವು ಮಿಲಿಗ್ರಾಂಗಳದು. ಊಟ ಮತ್ತು ದುಡಿಮೆಯ ಪರಿಣಾಮ ಅದರ ಮೇಲೆ ಕೂಡುತ್ತದೆ. ತುಂಗಭದ್ರೆಯ ನೀರು ಬಂದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ಕುಷ್ಟಗಿ, ಯಲಬುರ್ಗಾಗಳ ಒಣ ಬೇಸಾಯದ ಹೊಲಗಳಲ್ಲಿ ಜೋಳ, ಸಜ್ಜೆ ಉಳಿದಿವೆ. 21 ದೇಶಗಳ 1,32,373 ಜನರನ್ನು ಅನುಸರಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಕ್ಷಿಣ ಏಷ್ಯಾದಲ್ಲಿ ದಿನಕ್ಕೆ 450 ಗ್ರಾಂ ಅಥವಾ ಹೆಚ್ಚು ಬಿಳಿ ಅನ್ನ ಉಣ್ಣುವವರಿಗೆ 150 ಗ್ರಾಂಗಿಂತ ಕಡಿಮೆ ಉಣ್ಣುವವರಿಗಿಂತ ಸಕ್ಕರೆ ಕಾಯಿಲೆ ಬರುವ ಅಪಾಯ ಶೇ. 61 ಹೆಚ್ಚಿತ್ತು. ಚೆನ್ನೈನಲ್ಲಿ ಎರಡು ಗಂಟೆಯ ಸಕ್ಕರೆ ನಡುವಿನ ಪಟ್ಟಿಯಲ್ಲಿದ್ದ 531 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಊಟ ಮತ್ತು ನಡಿಗೆಯನ್ನು ಸರಿಪಡಿಸಿಕೊಂಡವರಲ್ಲಿ ಮೂರು ವರ್ಷದಲ್ಲಿ ಕಾಯಿಲೆಯ ಅಪಾಯ ಶೇ. 28.5 ತಗ್ಗಿತು. ಅವರ ವಂಶವಾಹಿಗಳು ಬದಲಾಗಿರಲಿಲ್ಲ. ಮನೆತನದಲ್ಲಿ ಸಕ್ಕರೆ ಕಾಯಿಲೆ ಇರುವವರು ಇತರರಿಗಿಂತ ಬೇಗ ಪರೀಕ್ಷೆ ಶುರು ಮಾಡಿ, ವರ್ಷ ವರ್ಷವೂ ಅದೇ ಪರೀಕ್ಷೆಯನ್ನು ಮಾಡಿಸಿ, ಅಂಕಿ ಏರುತ್ತಿದೆಯೋ ನಿಂತಿದೆಯೋ ಎಂದು ಹೋಲಿಸಿ ನೋಡುವುದು ಒಂದೇ ಸಲದ ಅಂಕಿಗಿಂತ ಹೆಚ್ಚಿನದನ್ನು ತಿಳಿಸುತ್ತದೆ.